ಗಾಣದ ಕೀ ಮುರಿದರೆ ಬೈಬೇಡಿ, ಅದು ಮುರಿಯೋಕೇ ಇರೋದು! ಆಲೆಮನೆ ಯಂತ್ರದೊಳಗಿನ ಲೆಕ್ಕ ಇಲ್ಲಿದೆ

ಮದ್ದೂರು: ಕಬ್ಬು ಕಡಿದು ತಂದು ಆಲೆಮನೆ ಮುಂದೆ ರಾಶಿ ಹಾಕಿ ಆಗಿದೆ. ಒಲೆ ಉರೀತಾ ಇದೆ. ಕೊಪ್ಪರಿಗೆ ಅರ್ಧ ತುಂಬಿದೆ. ಅಷ್ಟರಲ್ಲಿ 'ಟಪ್' ಅಂತ ಒಂದು ಸದ್ದು. ಮೋಟಾರ್ ತಿರುಗ್ತಾನೇ ಇದೆ, ದೊಡ್ಡ ಚಕ್ರವೂ ತಿರುಗ್ತಾ ಇದೆ, ಗಾಣ ಮಾತ್ರ ನಿಂತುಬಿಟ್ಟಿದೆ. ಅರ್ಧ ನುಂಗಿದ ಕಬ್ಬು ರೋಲರ್ ಮಧ್ಯೆ ಹಂಗೇ ಸಿಕ್ಕಾಕಿಕೊಂಡಿದೆ.

ಆಲೆಮನೆ ನಡೆಸೋರಿಗೆ ಈ ದೃಶ್ಯ ಹೊಸದಲ್ಲ. ಹಿಂಡಿದ ಕಬ್ಬಿನ ಹಾಲು ಗಂಟೆಗಟ್ಟಲೆ ಕಾಯಲ್ಲ, ಹುಳಿ ತಿರುಗುತ್ತೆ. ಕಡಿದ ಕಬ್ಬು ಬಿಸಿಲಲ್ಲಿ ಒಣಗಿ ತೂಕ ಕಳ್ಕೊಳುತ್ತೆ. ಹಾಗಾಗಿ ಆ ಹೊತ್ತಲ್ಲಿ ಎಲ್ಲರೂ ಮಾಡೋದು ಒಂದೇ ಕೆಲಸ: ಸಿಕ್ಕ ಕಬ್ಬಿಣದ ತುಂಡು ಬಡಿದು ಗಾಣ ಓಡಿಸೋದು. ಮಾರನೇ ದಿನ ಇನ್ನೂ ದೊಡ್ಡದೇನೋ ಮುರಿಯುತ್ತೆ. ಯಾಕೆ ಹಿಂಗೆ?

ಇದನ್ನ ತಿಳ್ಕೊಳ್ಳೋಕೆ ಹೋದವಾರ ಮದ್ದೂರಿನ ಒಂದು ಲೇತ್ ಅಂಗಡಿಯಲ್ಲಿ ಒಂದು ಮಧ್ಯಾಹ್ನ ಪೂರ್ತಿ ಕೂತಿದ್ದೆ. ನಾನು ಬಿ.ಎಸ್ಸಿ. ಎರಡನೇ ವರ್ಷಕ್ಕೇ ಕಾಲೇಜು ಬಿಟ್ಟವನು. ಟಾರ್ಕ್ ಅಂತ ನೋಟ್ಸ್‌ನಲ್ಲಿ ಬರ್ಕೊಂಡಿದ್ದೆ, ಅದು ಏನು ಅಂತ ಗೊತ್ತಾಗಿದ್ದು ಆ ಅಂಗಡಿಯ ಎಣ್ಣೆ ಹತ್ತಿದ ಬೆಂಚ್ ಮೇಲೆ ಕೂತಾಗಲೇ. ಗಾಣದ ಶಾಫ್ಟ್ ತಿರುವ್ತಾ ಇದ್ದ ಅಣ್ಣ ಮೊದಲಿಗೇ ಹೇಳಿದ್ದು ಇಷ್ಟು: "ಕೀ ಮುರುದ್ರೆ ಕೀ ಹಾಕ್ಬೇಕು ಕಣಪ್ಪ. ಇವ್ರು ವೆಲ್ಡಿಂಗ್ ಹೊಡ್ಸ್ಕ ಬತ್ತಾರೆ. ಆಮೇಲೆ ಗೇರೇ ಹೋಯ್ತದೆ, ನನ್ತಾವ ಬಂದು ಬೊಯ್ತಾರೆ."

ಕೀ ಅಂದ್ರೆ ಬೀಗದ ಕೀ ಅಲ್ಲ

ಗೇರ್ ಚಕ್ರ ಒಂದು, ಅದರ ನಡುವೆ ತೂರಿಸಿದ ಶಾಫ್ಟ್ ಒಂದು. ಎರಡೂ ಒಟ್ಟಿಗೆ ತಿರುಗಬೇಕಾದ್ರೆ ಅವೆರಡನ್ನೂ ಹಿಡಿದಿಡೋದು ಏನಾದ್ರೂ ಬೇಕಲ್ಲ? ಶಾಫ್ಟ್ ಮೈಮೇಲೆ ಒಂದು ಉದ್ದ ಗಾಡಿ ಕೊರೀತಾರೆ, ಗೇರ್ ತೂತಿನ ಒಳಗೂ ಅದೇ ಅಳತೆ ಗಾಡಿ ಕೊರೀತಾರೆ. ಎರಡೂ ಎದುರುಬದುರು ಬಂದಾಗ ಉಂಟಾಗೋ ಚೌಕದ ಸಂದಿಗೆ ಒಂದು ಕಬ್ಬಿಣದ ತುಂಡು ಬಡೀತಾರೆ. ಅದೇ ಕೀ. ಎತ್ತಿನಗಾಡಿ ಗೊತ್ತಿರೋರಿಗೆ ಕಡಾಣಿ ನೆನಪಿರುತ್ತೆ. ಬೆರಳುದ್ದದ ಕಡಾಣಿ ಬಿದ್ದುಹೋದ್ರೆ ಇಡೀ ಚಕ್ರ ಕಳಚಿ ಉರುಳುತ್ತೆ. ಕೀ ಕೂಡ ಅದೇ ಜಾತಿ, ಕೆಲಸ ಮಾತ್ರ ಬೇರೆ. ಕಡಾಣಿ ಚಕ್ರ ಆಚೆ ಬರದಂತೆ ತಡೆಯುತ್ತೆ, ಕೀ ಚಕ್ರ ಶಾಫ್ಟ್ ಮೇಲೆ ಸುಮ್ಮನೆ ಜಾರಿ ತಿರುಗದಂತೆ ತಡೆಯುತ್ತೆ.

ಸಾಮಾನ್ಯವಾಗಿ ಶಾಫ್ಟ್ ದಪ್ಪದ ನಾಲ್ಕನೇ ಒಂದು ಭಾಗದಷ್ಟು ಕೀ ಅಗಲ ಇರುತ್ತೆ. 50 ಎಂಎಂ ಶಾಫ್ಟ್ ಆದ್ರೆ ಸ್ಟ್ಯಾಂಡರ್ಡ್ ಕೀ 14 ಎಂಎಂ ಅಗಲ, 9 ಎಂಎಂ ಎತ್ತರ. ಕೀಯನ್ನ ಮಾಮೂಲಿ ಮೈಲ್ಡ್ ಸ್ಟೀಲ್‌ನಲ್ಲೇ ಮಾಡೋದು, ಬೇಕಂತಲೇ. ಶಾಫ್ಟ್, ಗೇರ್, ಕೀ ಮೂರರಲ್ಲಿ ಯಾವುದಾದ್ರೂ ಒಂದು ಮುರಿಯಲೇಬೇಕು ಅಂತ ಆದ್ರೆ ಕೀ ಮುರಿಯಲಿ ಅನ್ನೋದು ಯಂತ್ರ ವಿನ್ಯಾಸ ಮಾಡಿದವರ ಲೆಕ್ಕ. ಅದೊಂದು ಕಡಿಮೆ ಬೆಲೆಯ ತುಂಡು. ಅರ್ಧ ಗಂಟೇಲಿ ಬದಲಾಯಿಸಬಹುದು. ಗೇರ್ ಹೋದ್ರೆ ಎರಕ ಹೊಯ್ಯೋರನ್ನ ಹುಡುಕ್ಕೊಂಡು ಹೋಗಬೇಕು, ಶಾಫ್ಟ್ ಹೋದ್ರೆ ಗಾಣ ಪೂರ್ತಿ ಬಿಚ್ಚಬೇಕು.

ಮನೆ ಫ್ಯೂಸ್ ನೆನಪು ಮಾಡ್ಕೊಳ್ಳಿ. ಪದೇ ಪದೇ ಹೋಗುತ್ತೆ ಅಂತ ದಪ್ಪ ತಂತಿ ಹಾಕಿದ್ರೆ ಫ್ಯೂಸ್ ಹೋಗಲ್ಲ, ಸರಿ. ಆಮೇಲೆ ಹೋಗೋದು ಮನೆ ವೈರಿಂಗ್ಗು. ಕೀ ಜಾಗಕ್ಕೆ ಗಟ್ಟಿ ಸ್ಟೀಲ್ ತುಂಡು ಬಡಿಯೋದು, ಗೇರನ್ನೇ ಶಾಫ್ಟ್‌ಗೆ ವೆಲ್ಡ್ ಹೊಡೆಯೋದು ಎರಡೂ ಇದೇ ಕೆಲಸ.

ಟ್ರ್ಯಾಕ್ಟರ್ ಇರೋರಿಗೆ ಇದು ಬೇಗ ಅರ್ಥ ಆಗುತ್ತೆ. ಕೆಲವು ರೋಟಾವೇಟರ್‌ಗಳ ಪಿಟಿಒ ಶಾಫ್ಟ್‌ನಲ್ಲಿ ಶಿಯರ್ ಬೋಲ್ಟ್ ಅಂತ ಇರುತ್ತೆ. ಕಲ್ಲಿಗೆ ಹೊಡೆದಾಗ ಅದು ತುಂಡಾಗಿ ಗೇರ್ ಬಾಕ್ಸ್ ಉಳಿಸುತ್ತೆ. ತುಂಡಾಯ್ತು ಅಂತ ಹಾರ್ಡ್‌ವೇರ್ ಅಂಗಡಿಗೆ ಬಂದು "ಗಟ್ಟಿಯಾಗಿರೋದು ಕೊಡಣ್ಣ" ಅಂತಾರೆ. ಅಂಗಡಿಯವರು ಇಲ್ಲೊಂದು ವಿಷಯ ಗಮನಿಸಬೇಕು. ಬೋಲ್ಟ್ ತಲೆ ಮೇಲೆ 4.6, 8.8, 10.9 ಅಂತ ನಂಬರ್ ಇರುತ್ತೆ. ಮೊದಲ ಅಂಕಿಯನ್ನ ನೂರರಿಂದ ಗುಣಿಸಿದ್ರೆ ಆ ಬೋಲ್ಟ್ ತುಂಡಾಗೋ ಮುಂಚೆ ತಡೆಯೋ ಬಲ, ಪ್ರತಿ ಚದರ ಮಿಲಿಮೀಟರ್‌ಗೆ ಇಷ್ಟು ನ್ಯೂಟನ್ ಅಂತ ಸಿಗುತ್ತೆ. 4.6 ಅಂದ್ರೆ 400, 8.8 ಅಂದ್ರೆ 800. ಅಂದ್ರೆ 4.6 ಇದ್ದ ಜಾಗಕ್ಕೆ 8.8 ಕೊಟ್ರೆ ಎರಡು ಪಟ್ಟು ಗಟ್ಟಿ. ಮುರಿಯಬೇಕಾದ್ದು ಮುರಿಯಲ್ಲ. ಗಿರಾಕಿ ಖುಷಿಯಾಗಿ ಹೋಗ್ತಾನೆ, ಗೇರ್ ಬಾಕ್ಸ್ ಸಮೇತ ವಾಪಸ್ ಬರ್ತಾನೆ.

ಹತ್ತು ಎಚ್‌ಪಿ ಮೋಟಾರ್, ನಾಲ್ಕು ಟನ್ ಬಲ

ಹಂಗಾದ್ರೆ ಕೀ ಮೇಲೆ ಬೀಳೋ ಬಲ ಎಷ್ಟು? ಒಂದು ಲೆಕ್ಕ ಹಾಕೋಣ.

10 ಎಚ್‌ಪಿ ಮೋಟಾರ್, ನಿಮಿಷಕ್ಕೆ 1440 ಸುತ್ತು ಅಂತ ಇಟ್ಕೊಳ್ಳಿ. ಇದರ ತಿರುಚೋ ಬಲ, ಅಂದ್ರೆ ಟಾರ್ಕ್, ಬಹಳ ಇಲ್ಲ. ಒಂದು ಮೀಟರ್ ಉದ್ದದ ಕೋಲಿನ ತುದಿಗೆ 5 ಕೆ.ಜಿ. ಬೆಲ್ಲದ ಚೀಲ ನೇತುಹಾಕಿದಷ್ಟು ಅಷ್ಟೇ. ಇಷ್ಟರಲ್ಲಿ ಕಬ್ಬು ಹಿಂಡೋಕಾಗಲ್ಲ. ಅದಕ್ಕೇ ವೇಗ ಕೊಟ್ಟು ಬಲ ತಗೋತಾರೆ. ಸಣ್ಣ ಪುಲ್ಲಿಯಿಂದ ಐದರಷ್ಟು ದೊಡ್ಡ ಪುಲ್ಲಿಗೆ ಬೆಲ್ಟ್ ಹಾಕಿದ್ರೆ ವೇಗ 288 ಸುತ್ತಿಗೆ ಇಳಿಯುತ್ತೆ, ಬಲ ಐದು ಪಟ್ಟು ಏರುತ್ತೆ. ಅಲ್ಲಿಂದ 15 ಹಲ್ಲಿನ ಪಿನಿಯನ್ 75 ಹಲ್ಲಿನ ಗೇರನ್ನ ತಿರುಗಿಸಿದ್ರೆ ಇನ್ನೈದು ಪಟ್ಟು, ವೇಗ 57 ಸುತ್ತು ಚಿಲ್ಲರೆ. ಇನ್ನೊಂದು ಜೋಡಿ ಗೇರ್ ದಾಟಿದ ಮೇಲೆ ರೋಲರ್ ತಿರುಗೋದು ನಿಮಿಷಕ್ಕೆ ಹನ್ನೊಂದೂವರೆ ಸುತ್ತು. ಬಲ ಒಟ್ಟು 125 ಪಟ್ಟು. ಬೆಲ್ಟು, ಗೇರು, ಬುಶ್ಶುಗಳು ತಿಂದಿದ್ದನ್ನ ಕಳೆದ್ರೂ ಅದೇ ಮೀಟರ್ ಉದ್ದದ ಕೋಲಿನ ತುದಿಗೆ 500 ಕೆ.ಜಿ. ನೇತುಹಾಕಿದ ಹಾಗೆ.

ಗಾಣದ ರೋಲರ್ ಒಂದು ಮೀಟರ್ ಇರಲ್ಲವಲ್ಲ. ಹತ್ತಿಂಚಿನ ರೋಲರ್ ಆದ್ರೆ ನಡುವಿನಿಂದ ಅಂಚಿಗೆ ಹನ್ನೆರಡೂವರೆ ಸೆಂಟಿಮೀಟರ್. ಅಲ್ಲಿಗೆ ರೋಲರ್ ಮೈ ಮೇಲೆ ಎಳೆಯೋ ಬಲ 4 ಟನ್ ಹತ್ತಿರ ಬರುತ್ತೆ. ಈ 4 ಟನ್ ಲೆಕ್ಕ ನೆನಪಿಟ್ಕೊಳ್ಳಿ, ಆಮೇಲೆ ಮತ್ತೆ ಬೇಕಾಗುತ್ತೆ.

ಎತ್ತು ಕಟ್ಟಿ ಗಾಣ ಹೊಡೀತಾ ಇದ್ದ ಕಾಲದಲ್ಲೂ ತತ್ವ ಇದೇ. ಜೋಡಿ ಎತ್ತು ಅಂದ್ರೆ ಸುಮಾರು ಒಂದು ಎಚ್‌ಪಿ. ಉದ್ದ ನೊಗದ ಮರವೇ ಅಲ್ಲಿ ಗೇರ್ ಬಾಕ್ಸ್. ಕಬ್ಬಿಣದ ರೋಲರ್ ಗಾಣ ನಮ್ಮ ದೇಶದಲ್ಲಿ ಹರಡಿದ್ದು 1870ರ ದಶಕದಿಂದೀಚೆಗೆ. ಬಿಹಾರದ ಬೀಹಿಯಾ ಅನ್ನೋ ಊರಲ್ಲಿ ಥಾಮ್ಸನ್ ಮತ್ತು ಮೈಲ್ನ್ ಅನ್ನೋ ಇಬ್ಬರು ಯುರೋಪಿಯನ್ನರು ಮಾಡಿದ ಗಾಣ ಅದು. ಅಲ್ಲಿವರೆಗೆ ಮರದ್ದು, ಕಲ್ಲಿಂದು. ನಮ್ಮ ಕಡೆ ಕಬ್ಬು ಈ ಪರಿ ಬಂದಿದ್ದಂತೂ ಕೆಆರ್‌ಎಸ್ ಮತ್ತು ವಿಶ್ವೇಶ್ವರಯ್ಯ ನಾಲೆ ನೀರು ಬಂದ ಮೇಲೆ. ಮೈಶುಗರ್ ಕಂಪನಿ ಹುಟ್ಟಿದ್ದು 1933ರಲ್ಲಿ. ಮಂಡ್ಯ ಜಿಲ್ಲೆ ಆಗಿದ್ದೇ 1939ರಲ್ಲಿ. ಅಂದ್ರೆ ಜಿಲ್ಲೆಗಿಂತ ಮುಂಚೆ ಇಲ್ಲಿ ಗಾಣ ಬಂದಿದೆ!

ಮೂರು ರೋಲರ್ ಗಾಣದಲ್ಲಿ ಕಬ್ಬು ಎರಡು ಸಲ ಹಿಂಡಿಸಿಕೊಳ್ಳುತ್ತೆ. ಮುಂದಿನ ಸಂದು ಸ್ವಲ್ಪ ಅಗಲ, ಹಿಂದಿನದು ಕಿರಿದು. ನೂರು ಕೆ.ಜಿ. ಕಬ್ಬಿಗೆ 60 ಕೆ.ಜಿ. ಆಸುಪಾಸು ಹಾಲು ಬರುತ್ತೆ. ಇಲ್ಲೇ ಆಸೆ ಶುರು ಆಗೋದು. ಬೋಲ್ಟ್ ಇನ್ನೊಂದು ಸುತ್ತು ಬಿಗಿ ಮಾಡಿದ್ರೆ ಇನ್ನೂ ಒಂದು ಪರ್ಸೆಂಟ್ ಬರಬಹುದು ಅನ್ನೋ ಆಸೆ. ಲೆಕ್ಕ ಸುಳ್ಳಲ್ಲ. ಒಂದು ಟನ್ ಕಬ್ಬಲ್ಲಿ ಒಂದು ಪರ್ಸೆಂಟ್ ಅಂದ್ರೆ 10 ಕೆ.ಜಿ. ಹಾಲು, ಅಂದ್ರೆ ಎರಡು ಕೆ.ಜಿ.ಗೆ ಹತ್ತಿರ ಬೆಲ್ಲ. ದಿನಕ್ಕೆ ಹತ್ತು ಟನ್ ಆಡಿದ್ರೆ ಇಪ್ಪತ್ತು ಕೆ.ಜಿ. ಹತ್ತಿರ. ಬೆಲ್ಲದ ರೇಟು ಬಿದ್ದಾಗ ಆ ಇಪ್ಪತ್ತು ಕೆ.ಜಿ.ಯೇ ಲಾಭ. ಹಂಗಾಗಿ ಬಿಗಿ ಮಾಡೋರನ್ನ ದಡ್ಡರು ಅನ್ನೋಕೆ ನನಗೆ ಮನಸ್ಸಿಲ್ಲ. ಆದ್ರೆ ಸಂದು ಕಿರಿದಾದಷ್ಟೂ ಕೀ, ಗೇರ್, ಶಾಫ್ಟ್, ಬುಶ್ ಎಲ್ಲದರ ಮೇಲೂ ಹೊರೆ ಏರುತ್ತೆ. ಸಕ್ಕರೆ ಕಾರ್ಖಾನೆಗಳಲ್ಲಿ ಮೇಲಿನ ರೋಲರ್ ಮೇಲೆ ಹೈಡ್ರಾಲಿಕ್ ಒತ್ತಡ ಇರುತ್ತೆ. ಕಬ್ಬು ಜಾಸ್ತಿ ಬಂದ್ರೆ ರೋಲರ್ ತಾನೇ ಒಂಚೂರು ಮೇಲೇಳುತ್ತೆ. ಆಲೆಮನೆ ಗಾಣದಲ್ಲಿ ಬೋಲ್ಟ್ ಬಿಗಿ ಮಾಡಿದ್ರೆ ಮುಗೀತು, ಅದು ಜಗ್ಗಲ್ಲ. ಜಗ್ಗಬೇಕಾದ್ದು ಇನ್ನೇನೋ ಆಗುತ್ತೆ.

ಶಾಫ್ಟ್ ಐದು ಎಂಎಂ ಸಣ್ಣ ಮಾಡಿಸಿದ್ರೆ ಏನಾಗುತ್ತೆ?

ಬುಶ್ ಕೂರೋ ಜಾಗದಲ್ಲಿ ಶಾಫ್ಟ್ ಸವೆದಿದೆ ಅಂತ ಲೇತ್‌ನಲ್ಲಿ ತಿರುವಿಸಿ ಸಣ್ಣ ಮಾಡಿಸಿ, ಅದಕ್ಕೆ ತಕ್ಕ ಬುಶ್ ಹಾಕಿಸೋದು ನಮ್ಮ ಕಡೆ ಮಾಮೂಲಿ. 50 ಎಂಎಂ ಇದ್ದಿದ್ದು 45 ಆಯ್ತು, ಹತ್ತನೇ ಒಂದು ಭಾಗ ತಾನೇ ಹೋಗಿದ್ದು ಅನ್ಕೋತೀವಿ. ಅಲ್ಲ. ಶಾಫ್ಟ್ ತಿರುಚಿಗೆ ತಡೆಯೋ ಶಕ್ತಿ ಅದರ ದಪ್ಪದ ಘನದ ಮೇಲೆ ನಿಂತಿದೆ, ಅಂದ್ರೆ ದಪ್ಪವನ್ನ ಅದರಿಂದಲೇ ಮೂರು ಸಲ ಗುಣಿಸಿದ ಲೆಕ್ಕ. 0.9 ಗುಣಿಸು 0.9 ಗುಣಿಸು 0.9, ಬರೋದು 0.73. ನೂರಕ್ಕೆ 27 ಭಾಗ ಶಕ್ತಿ ಹೋಯ್ತು. ಉಲ್ಟಾ ನೋಡಿದ್ರೆ 40 ಎಂಎಂ ಬದಲು 50 ಹಾಕಿದ್ರೆ ಶಕ್ತಿ ಹೆಚ್ಚುಕಮ್ಮಿ ಎರಡರಷ್ಟು. ಹೊಸ ಗಾಣ ಮಾಡಿಸೋವಾಗ ಶಾಫ್ಟ್ ವಿಷಯದಲ್ಲಿ ಜಿಪುಣತನ ಮಾಡಬೇಡಿ ಅಂತ ಲೇತ್ ಅಣ್ಣ ಹೇಳಿದ್ದು ಇದಕ್ಕೇ.

ಅದಕ್ಕಿಂತ ಕಳ್ಳ ಶತ್ರು ಇನ್ನೊಂದಿದೆ. ದಪ್ಪ ಶಾಫ್ಟ್ ಸಣ್ಣದಾಗೋ ಜಾಗದಲ್ಲಿ ಚೂಪಾದ ಮೂಲೆ ಬಿಟ್ರೆ ಬಲವೆಲ್ಲಾ ಬಂದು ಆ ಮೂಲೇಲೇ ಗುಂಪು ಸೇರುತ್ತೆ. ಬಟ್ಟೆ ಅಂಗಡಿಯವರು ಕತ್ತರಿಯಿಂದ ಒಂದು ಸಣ್ಣ ಗಾಯ ಮಾಡಿ ಆಮೇಲೆ ಕೈಯಲ್ಲೇ 'ಸರ್' ಅಂತ ಹರೀತಾರಲ್ಲ, ಅದೇ. ಅಲ್ಲಿ ಲೇತ್‌ನಲ್ಲಿ ಸಣ್ಣ ಗುಂಡು ತಿರುವು ಕೊಟ್ರೆ, ಅದಕ್ಕೆ ರೇಡಿಯಸ್ ಕೊಡೋದು ಅಂತಾರೆ, ಶಾಫ್ಟ್ ಬಾಳಿಕೆ ಎಷ್ಟೋ ಹೆಚ್ಚುತ್ತೆ. ಖರ್ಚು ಏನೂ ಇಲ್ಲ, ಕೇಳಿ ಮಾಡಿಸಬೇಕು ಅಷ್ಟೇ.

ತಂತಿಯನ್ನ ಒಂದೇ ಸಲ ಎಳೆದು ತುಂಡು ಮಾಡೋಕಾಗಲ್ಲ, ಹಿಂದಕ್ಕೆ ಮುಂದಕ್ಕೆ ಹತ್ತು ಸಲ ಬಗ್ಗಿಸಿದ್ರೆ ತುಂಡಾಗುತ್ತೆ. ತಿರುಗೋ ಶಾಫ್ಟ್ ಕೂಡ ಬೆಲ್ಟ್ ಎಳೆತಕ್ಕೆ ಪ್ರತಿ ಸುತ್ತಿಗೂ ಕಣ್ಣಿಗೆ ಕಾಣದಷ್ಟು ಬಗ್ಗಿ ನೆಟ್ಟಗಾಗ್ತಾ ಇರುತ್ತೆ. 288 ಸುತ್ತಿನ ಶಾಫ್ಟ್ ದಿನಕ್ಕೆ ಹತ್ತು ಗಂಟೆ ಓಡಿದ್ರೆ 1 ಲಕ್ಷ 72 ಸಾವಿರ ಸುತ್ತು. ನೂರು ದಿನದ ಸೀಸನ್‌ಗೆ ಒಂದು ಕೋಟಿ 70 ಲಕ್ಷ ದಾಟುತ್ತೆ. ಇದಕ್ಕೆ ಲೋಹದ ಆಯಾಸ ಅಂತ ಹೆಸರು. 1842ರಲ್ಲಿ ಫ್ರಾನ್ಸ್‌ನ ವರ್ಸೈಲ್ಸ್ ಹತ್ತಿರ ರೈಲು ಇಂಜಿನ್ನಿನ ಆಕ್ಸಲ್ ಹಿಂಗೇ ಮುರಿದು ಐವತ್ತಕ್ಕೂ ಹೆಚ್ಚು ಜನ ಸತ್ತರು. ಆಮೇಲೆಯೇ ಜಗತ್ತಿನ ಇಂಜಿನಿಯರ್‌ಗಳು ಇದರ ಹಿಂದೆ ಬಿದ್ದಿದ್ದು. ಮುರಿದ ಶಾಫ್ಟ್ ತುಂಡು ಸಿಕ್ಕಿದ್ರೆ ಬಾಯಿ ನೋಡಿ. ಒಂದು ಭಾಗ ನುಣ್ಣಗೆ, ಕೆರೆ ದಡದ ಅಲೆ ಗುರುತಿನ ಹಂಗೆ ಗೆರೆ ಗೆರೆ ಇದ್ದು, ಉಳಿದಿದ್ದು ಒರಟಾಗಿದ್ರೆ ಅದು ಇವತ್ತು ಮುರಿದಿದ್ದಲ್ಲ. ತಿಂಗಳುಗಳಿಂದ ಬಿರುಕು ಬಿಡ್ತಾ ಬಂದಿದೆ, ಕೊನೇ ತುಂಡು ಇವತ್ತು ಹೋಗಿದೆ. ಕಬ್ಬು ಕೊಡ್ತಾ ಇದ್ದ ಹುಡುಗನ್ನ ಬೈದು ಪ್ರಯೋಜನ ಇಲ್ಲ.

ಗೇರ್ ವಿಷಯ ಚಿಕ್ಕದಾಗಿ ಹೇಳ್ತೀನಿ. 15 ಹಲ್ಲಿನ ಪಿನಿಯನ್ 75 ಹಲ್ಲಿನ ಗೇರ್ ಜೊತೆ ಓಡಿದ್ರೆ ಪಿನಿಯನ್ನಿನ ಒಂದೊಂದು ಹಲ್ಲೂ ಗೇರಿನ ಅದೇ ಐದು ಹಲ್ಲುಗಳನ್ನೇ ಮತ್ತೆ ಮತ್ತೆ ಕಚ್ಚುತ್ತೆ. ಒಂದು ಹಲ್ಲು ಮುಕ್ಕಾಗಿದ್ರೆ ಆ ಐದನ್ನೇ ತಿಂದುಹಾಕುತ್ತೆ. ಗೇರಿಗೆ 76 ಹಲ್ಲು ಕೊಟ್ರೆ ಪ್ರತಿ ಹಲ್ಲೂ ಎಲ್ಲ ಹಲ್ಲನ್ನೂ ಸರದಿ ಪ್ರಕಾರ ಮುಟ್ಟುತ್ತೆ, ಸವೆತ ಎಲ್ಲರಿಗೂ ಸಮ ಹಂಚಿಹೋಗುತ್ತೆ. ಹಳೇ ಮಿಲ್ ಕೆಲಸಗಾರರ ಉಪಾಯ ಇದು. ಇನ್ನೊಂದು: ಸಣ್ಣ ಪಿನಿಯನ್ ಐದು ಪಟ್ಟು ಹೆಚ್ಚು ತಿರುಗೋದ್ರಿಂದ ಬೇಗ ಸವೆಯುತ್ತೆ. ದೊಡ್ಡ ಗೇರ್ ಹೊಸದು ಹಾಕಿಸಿ ಸವೆದ ಪಿನಿಯನ್ ಹಂಗೇ ಬಿಟ್ರೆ ಹೊಸ ಗೇರೂ ಅದರ ದಾರಿಗೇ ಬರುತ್ತೆ.

ಬೇರಿಂಗ್ ನಂಬರ್ ಓದೋದು ಹೆಂಗೆ?

ಇದು ಅಂಗಡಿ ಇಟ್ಟಿರೋರಿಗೂ, ಹಿಟ್ಟಿನ ಗಿರಣಿ, ಪಂಪ್‌ಸೆಟ್, ಕಬ್ಬಿನ ಹಾಲಿನ ಮೆಷಿನ್ ಇರೋರಿಗೂ ಉಪಯೋಗ.

ಬೇರಿಂಗ್ ಮೇಲೆ 6205, 6308 ಅಂತ ಕೆತ್ತಿರುತ್ತೆ. ಕೊನೆಯ ಎರಡು ಅಂಕಿಯನ್ನ 5ರಿಂದ ಗುಣಿಸಿ, ಒಳತೂತಿನ ಅಳತೆ ಎಂಎಂನಲ್ಲಿ ಬರುತ್ತೆ. 05 ಅಂದ್ರೆ 25 ಎಂಎಂ, 08 ಅಂದ್ರೆ 40 ಎಂಎಂ. ಈ ಲೆಕ್ಕ 04ರಿಂದ ಮೇಲೆ ಮಾತ್ರ. ಅದಕ್ಕಿಂತ ಕೆಳಗೆ 00 ಅಂದ್ರೆ 10, 01 ಅಂದ್ರೆ 12, 02 ಅಂದ್ರೆ 15, 03 ಅಂದ್ರೆ 17. ಎರಡನೇ ಅಂಕಿ ಬೇರಿಂಗ್ ಎಷ್ಟು ದಪ್ಪ ಅನ್ನೋದು. 6208ಕ್ಕೂ 6308ಕ್ಕೂ ಶಾಫ್ಟ್ ಒಂದೇ 40 ಎಂಎಂ, ಆದ್ರೆ 63 ಸೀರೀಸ್ ಹೊರಗಡೆ ದೊಡ್ಡದು, ಹೆಚ್ಚು ಹೊರೆ ಹೊರುತ್ತೆ. ಹಿಂದೆ ಜೆಡ್‌ಜೆಡ್ ಅಂತಿದ್ರೆ ಎರಡೂ ಕಡೆ ತಗಡಿನ ಮುಚ್ಚಳ, 2ಆರ್‌ಎಸ್ ಅಂತಿದ್ರೆ ರಬ್ಬರ್ ಸೀಲ್. ಕಬ್ಬಿನ ಹಾಲು, ನೀರು, ಹಿಟ್ಟಿನ ಧೂಳು ಇರೋ ಕಡೆ ರಬ್ಬರ್ ಸೀಲ್ ಒಳ್ಳೇದು.

ಬಾಲ್ ಬೇರಿಂಗ್ ಆಯಸ್ಸಿನ ಲೆಕ್ಕವೂ ಘನದ್ದೇ. ಹೊರೆ ಎರಡರಷ್ಟಾದ್ರೆ ಆಯಸ್ಸು ಅರ್ಧ ಆಗಲ್ಲ, ಎಂಟನೇ ಒಂದು ಭಾಗಕ್ಕೆ ಇಳಿಯುತ್ತೆ. ಬೆಲ್ಟನ್ನ ವೀಣೆ ತಂತಿ ಹಂಗೆ ಬಿಗಿದಿಟ್ಟು "ಬೇರಿಂಗ್ ಡೂಪ್ಲಿಕೇಟ್ ಕೊಟ್ಯಾ" ಅಂತ ಅಂಗಡಿಯವರ ಮೇಲೆ ಎಗರೋರು ಇದನ್ನ ಓದಬೇಕು. ಡೂಪ್ಲಿಕೇಟ್ ಮಾಲೂ ಮಾರ್ಕೆಟ್‌ನಲ್ಲಿ ಇದೆ ಅನ್ನೋದು ಬೇರೆ ಮಾತು, ಬಿಲ್ ಕೇಳಿ ತಗೊಳ್ಳಿ.

ಗಾಣದ ರೋಲರ್ ಕೂರೋದು ಹೆಚ್ಚಾಗಿ ಗನ್‌ಮೆಟಲ್ ಬುಶ್ ಮೇಲೆ. ಬುಶ್ ಶಾಫ್ಟ್‌ಗಿಂತ ಮೆತ್ತಗಿರಬೇಕು. ಇಬ್ಬರಲ್ಲಿ ಒಬ್ಬರು ಸವೆಯಬೇಕಾದ್ರೆ ಕಡಿಮೆ ಖರ್ಚಿನವನು ಸವೆಯಲಿ ಅಂತ. ಮತ್ತೆ ಅದೇ ಕೀ ಕತೆ. ಎಣ್ಣೆ ಹಾಕೋ ತೂತು ಸಿಪ್ಪೆ ಚೂರಿಂದ ಮುಚ್ಚಿಹೋಗಿರುತ್ತೆ, ಬೆಳಿಗ್ಗೆ ಒಂದು ತಂತಿ ಹಾಕಿ ಬಿಡಿಸಿ. ನಮ್ಮ ತಾತಂದಿರು ಗಾಡಿ ಹೂಡೋ ಮುಂಚೆ ಕೀಲೆಣ್ಣೆ ಹಾಕದೆ ಹೊರಡ್ತಿರಲಿಲ್ಲ. ನಾವು ಗಾಣ ಕಿರುಚಿದ ಮೇಲೆ ಎಣ್ಣೆ ಡಬ್ಬ ಹುಡುಕ್ತೀವಿ. ಇಂಜಿನ್ನಿಂದ ತೆಗೆದ ಕಪ್ಪು ಆಯಿಲ್ ಮಾತ್ರ ಬೇಡ. ಅದರಲ್ಲಿ ಕಬ್ಬಿಣದ ಪುಡಿ ಇರುತ್ತೆ, ಮೇಲಾಗಿ ಅದು ತೊಟ್ಟಿಕ್ಕೋದು ಜನ ತಿನ್ನೋ ಬೆಲ್ಲಕ್ಕೆ.

ವಿ-ಬೆಲ್ಟ್ ಹಿಡಿಯೋದು ಪುಲ್ಲಿ ಗಾಡಿಯ ಎರಡು ಗೋಡೆಗಳನ್ನ, ತಳವನ್ನಲ್ಲ. ಗಾಡಿಯ ತಳ ಪಳಪಳ ಹೊಳೀತಾ ಇದ್ರೆ ಬೆಲ್ಟೋ ಪುಲ್ಲಿಯೋ ಸವೆದಿದೆ ಅಂತ. ಮೂರು ಬೆಲ್ಟಿನ ಪುಲ್ಲೀಲಿ ಒಂದು ಹರಿದ್ರೆ ಮೂರೂ ಒಟ್ಟಿಗೇ ಬದಲಾಯಿಸಿ. ಹಳೇವು ಉದ್ದ ಆಗಿರುತ್ತವೆ, ಹೊಸದೊಂದೇ ಎಲ್ಲ ಹೊರೆ ಹೊತ್ತು ಬೇಗ ಸಾಯುತ್ತೆ. ಎರಡು ಪುಲ್ಲಿ ನೇರ ಇದೆಯಾ ನೋಡೋಕೆ ಗಾರೆ ಕೆಲಸದವರ ದಾರ ಸಾಕು.

ಮೂರು ಸೆಕೆಂಡ್

ಈಗ ಆ 4 ಟನ್ ಲೆಕ್ಕಕ್ಕೆ ಬರೋಣ.

ಹನ್ನೊಂದೂವರೆ ಸುತ್ತಲ್ಲಿ ಹತ್ತಿಂಚಿನ ರೋಲರ್ ಮೈ ಸೆಕೆಂಡಿಗೆ 15 ಸೆಂಟಿಮೀಟರ್ ಚಲಿಸುತ್ತೆ. ನೋಡೋಕೆ ನಿಧಾನ. ಬೆರಳ ತುದಿಯಿಂದ ಮೊಣಕೈಗೆ ಸುಮಾರು 45 ಸೆಂಟಿಮೀಟರ್. ಅಂದ್ರೆ ಬೆರಳು ಸಿಕ್ಕಿದ ಮೂರು ಸೆಕೆಂಡಿಗೆ ಮೊಣಕೈ. ಅಷ್ಟರಲ್ಲಿ ಯಾರಾದ್ರೂ ಕೂಗಿ, ಇನ್ಯಾರಾದ್ರೂ ಸ್ಟಾರ್ಟರ್ ಹತ್ರ ಓಡಿ, ಕೆಂಪು ಬಟನ್ ಒತ್ತಿ... ಒತ್ತಿದ್ರೂ ಗಾಣ ತಕ್ಷಣ ನಿಲ್ಲಲ್ಲ. ದೊಡ್ಡ ಪುಲ್ಲಿಯಲ್ಲಿ ತುಂಬಿಕೊಂಡಿರೋ ಓಟ ಇನ್ನೂ ಸ್ವಲ್ಪ ತಿರುಗಿಸುತ್ತೆ. ಕೀ ಮುರಿದು ಕಾಪಾಡುತ್ತೆ ಅಂತ ಕಾಯಬೇಡಿ. ಕಬ್ಬಿನ ಕಂತೆಯನ್ನೇ ಪುಡಿ ಮಾಡೋ ಬಲಕ್ಕೆ ಮನುಷ್ಯನ ಕೈ ಹೊರೆಯೇ ಅಲ್ಲ. ಕೀ ಇರೋದು ಯಂತ್ರ ಉಳಿಸೋಕೆ, ನಮ್ಮನ್ನಲ್ಲ.

ನಮ್ಮ ದೊಡ್ಡಪ್ಪನ ಬಲಗೈಲಿ ಎರಡು ಬೆರಳಿಲ್ಲ. ನಾನು ಹುಟ್ಟೋಕೆ ಮುಂಚಿನ ಕತೆ. ಕೊನೇ ತುಂಡು ಕಬ್ಬು ಕೈಯಲ್ಲೇ ತಳ್ಳಿದ್ರಂತೆ, ಬರೀ ಒಂದು ಗೇಣಿನ ತುಂಡು. ಇವತ್ತಿಗೂ ಮದುವೆ ಮನೇಲಿ ಊಟಕ್ಕೆ ಕೂತಾಗ ಟವಲ್ ಕೈಮೇಲೆ ಹಾಕ್ಕೋತಾರೆ. ಈ ಲೇಖನ ಬರೀತೀನಿ ಅಂದಾಗ "ಬರಿ ಮಗ, ತುಂಡು ಕಬ್ಬ ಎಸುದ್ಬುಡಿ ಅಂತ ಬರಿ" ಅಂದ್ರು. ಬರೆದಿದ್ದೀನಿ.

ಎರಡು ತಿರುಗೋ ಭಾಗ ಒಂದಕ್ಕೊಂದು ಎದುರಾಗಿ ಒಳಕ್ಕೆ ಎಳ್ಕೊಳ್ಳೋ ಜಾಗ ಗಾಣದಲ್ಲಿ ಒಂದೇ ಅಲ್ಲ. ರೋಲರ್ ಮಧ್ಯೆ, ಗೇರ್ ಹಲ್ಲುಗಳ ಮಧ್ಯೆ, ಬೆಲ್ಟ್ ಪುಲ್ಲಿಗೆ ಹತ್ತೋ ಮೂಲೆ, ಈ ಮೂರೂ ಬಾಯಿಗಳೇ. ತಿರುಗೋ ಭಾಗಕ್ಕೆ ಮರೆ ಇರಬೇಕು ಅಂತ 1948ರ ಕಾರ್ಖಾನೆ ಕಾಯ್ದೆಯಲ್ಲೇ ಇತ್ತು. ಆಲೆಮನೆಗಳು ಚಿಕ್ಕವು, ಆ ಕಾಯ್ದೆ ಲೆಕ್ಕಕ್ಕೆ ಎಷ್ಟೋ ಬರ್ತಾನೇ ಇರಲಿಲ್ಲ. ಯಾರೂ ಬಂದು ಕೇಳಲ್ಲ ಅಂತ ಬಿಚ್ಚಿಟ್ಟ ತಗಡು ಮೂಲೇಲೇ ತುಕ್ಕು ಹಿಡೀತಾ ಇರುತ್ತೆ. ಎಣ್ಣೆ ಹಾಕೋಕೆ ಅಡ್ಡ ಅಂತಾರೆ. ಅಡ್ಡ ಅನ್ನೋದು ನಿಜ. ತಗಡಿನಲ್ಲಿ ಎಣ್ಣೆ ತೂತಿಗೆ ಸರಿಯಾಗಿ ಒಂದು ಕಿಂಡಿ ಕೊರೆದು ಕೊಳವೆ ಕೂರಿಸಿದ್ರೆ ಬಿಚ್ಚೋ ಪ್ರಶ್ನೇನೇ ಬರಲ್ಲ.

ಕಬ್ಬು ಕೊಡೋ ಕಡೆ ಕೈಗಿಂತ ಉದ್ದದ, ಮೂರಡಿಗೆ ಕಮ್ಮಿ ಇಲ್ಲದ ಮುಚ್ಚಿದ ತೊಟ್ಟಿ ಕೂರಿಸಿ. ಆಗ ಕೈ ರೋಲರ್ ತನಕ ಹೋಗೋದೇ ಇಲ್ಲ. ಕಬ್ಬನ್ನ ಕಬ್ಬಿಂದಲೇ ತಳ್ಳಿ. ಸ್ಟಾಪ್ ಬಟನ್ ಕಬ್ಬು ಕೊಡೋನ ಕೈಗೆ ಎಟುಕೋ ಕಡೆ ಇರಲಿ, ಆಚೆ ಗೋಡೆ ಮೇಲಲ್ಲ. ಪಂಚೆ, ಟವಲ್, ಸೆರಗು, ವೇಲ್ ಯಾವುದೂ ಬೆಲ್ಟ್ ಹತ್ರ ಸಡಿಲ ಇರಬಾರದು. ಹೊರ ರಾಜ್ಯದಿಂದ ಬಂದವರು ಕೆಲಸ ಮಾಡೋ ಕಡೆ ಅವರ ಭಾಷೇಲೇ ಹೇಳಿ, ಕೈ ಸನ್ನೆ ಸಾಲದು.

ರಸ್ತೆ ಬದಿ ಕಬ್ಬಿನ ಹಾಲಿನ ಅಂಗಡಿಯವರಿಗೂ ಇದೇ ಮಾತು. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಆದ ಮೇಲೆ ಹಳೇ ರಸ್ತೇಲಿ ವ್ಯಾಪಾರ ಮೊದಲಿನಂಗಿಲ್ಲ, ಹುಡುಗರನ್ನ ಇಟ್ಕೊಳ್ಳೋಕಾಗಲ್ಲ, ಒಬ್ಬರೇ ಕಬ್ಬು ಮಡಚಿ ಕೊಡೋದು, ಚಿಲ್ಲರೆ ಎಣಿಸೋದು, ಐಸ್ ಹಾಕೋದು. ಕಣ್ಣು ಗಿರಾಕಿ ಮೇಲೆ, ಕೈ ರೋಲರ್ ಮೇಲೆ. ನಿಂಬೆಹಣ್ಣು, ಶುಂಠಿ ಬೆರಳಲ್ಲಿ ಒತ್ತಬೇಡಿ, ಮಡಚಿದ ಕಬ್ಬಿನ ಒಳಗಿಟ್ಟು ಕೊಡಿ.

ಅಪ್ಪಿತಪ್ಪಿ ಕೈ ಸಿಕ್ಕಿಬಿಟ್ರೆ ಮೊದಲು ಮೇನ್ ಆಫ್ ಮಾಡಿ. ಎಳೆಯಬೇಡಿ. ರೋಲರ್ ಬಿಗಿ ಮಾಡೋ ಬೋಲ್ಟ್ ಸಡಿಲಿಸಿ ಸಂದು ಬಿಡಿಸಿ. ಅದಕ್ಕೆ ಬೇಕಾದ ಸ್ಪ್ಯಾನರ್ ಗಾಣಕ್ಕೇ ಸರಪಳಿ ಹಾಕಿ ಕಟ್ಟಿರಿ, ಆ ಹೊತ್ತಲ್ಲಿ ಹುಡುಕೋಕಾಗಲ್ಲ. 108ಕ್ಕೆ ಫೋನ್ ಮಾಡಿ. ರಕ್ತ ಬರ್ತಿರೋ ಕಡೆ ಶುದ್ಧ ಬಟ್ಟೆ ಇಟ್ಟು ಒತ್ತಿ ಹಿಡಿಯಿರಿ. ಬೆರಳು ತುಂಡಾಗಿದ್ರೆ ಒದ್ದೆ ಮಾಡಿ ಹಿಂಡಿದ ಶುದ್ಧ ಬಟ್ಟೇಲಿ ಸುತ್ತಿ, ಪ್ಲಾಸ್ಟಿಕ್ ಕವರ್‌ಗೆ ಹಾಕಿ ಬಾಯಿ ಕಟ್ಟಿ, ಆ ಕವರನ್ನ ಐಸ್ ಮೇಲಿಡಿ. ಐಸ್ ನೇರವಾಗಿ ಬೆರಳಿಗೆ ತಾಗಬಾರದು. ಅದನ್ನ ಗಾಯಾಳು ಜೊತೆಗೇ ಆಸ್ಪತ್ರೆಗೆ ಕಳಿಸಿ.

ದೊಡ್ಡಪ್ಪನ ಆಲೆಮನೆ ಗೋಡೆ ಮೇಲೆ ಇದ್ದಿಲಲ್ಲಿ ಬರೆದ ಒಂದು ಪಟ್ಟಿ ಇದೆ. ಯಾವ ಬೇರಿಂಗ್, ಬೆಲ್ಟ್ ನಂಬರ್ ಏನು, ಎಷ್ಟು ಬೇಕು, ಕೀ ಅಳತೆ ಎಷ್ಟು, ಲೇತ್ ಅಂಗಡಿ ಫೋನ್ ಯಾವುದು. ಪಕ್ಕದ ಮೊಳೆಗೆ ಎಣ್ಣೆ ಬಟ್ಟೇಲಿ ಸುತ್ತಿದ ಎರಡು ಹೊಸ ಕೀ ನೇತಾಡ್ತಾ ಇರುತ್ತೆ. ಹೋದ ಸೀಸನ್ನಲ್ಲಿ ರಾತ್ರಿ ಹತ್ತಕ್ಕೆ ಒಂದು ಮುರೀತು. ಹತ್ತೂವರೆಗೆ ಗಾಣ ಮತ್ತೆ ಓಡ್ತಾ ಇತ್ತು.